ಅರ್ಧ ವ್ಯಾಟಿನ ಮಾತು

ಯಾರಾದರೂ ದೆವ್ವ, ಅಶರೀರವಾಣಿ ಎಂದು ಮಾತು ತೆಗೆದರೆ ಚಹಾ ಇಡುವ ನೆಪ ಮಾಡಿಕೊಂಡು ಅಡುಗೆಮನೆಗೆ ಎದ್ದು ಹೋಗುವವನು ನಾನು. ಎದುರಿಗೆ ಕೂತು ನಗುವುದು ಸಭ್ಯತೆಯಲ್ಲ, ನಗದೆ ಕೂರುವುದು ನನ್ನಿಂದಾಗದು. ಅಂಥವನು ಈಗ ಇಂಥದೊಂದು ಬರಹಕ್ಕೆ ಕೈಹಾಕಿದ್ದೇನೆಂದರೆ ನನ್ನ ಗೆಳೆಯರು ಹುಬ್ಬೇರಿಸುತ್ತಾರೆ. ಏರಿಸಲಿ. ನಾನು ಕಂಡದ್ದನ್ನು, ಅದಕ್ಕಿಂತ ಹೆಚ್ಚಾಗಿ ನಾನು ಕೇಳದೇ ಹೋದದ್ದನ್ನು, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನನ್ನ ಕೆಲಸ ರೇಗನ್ಸ್‌ಬರ್ಗಿನ ಒಂದು ಕಂಪನಿಯ ಲ್ಯಾಬಿನಲ್ಲಿ. ಕಾರಿನೊಳಗೆ ಕೂರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಸುತ್ತಮುತ್ತಲಿನ ರೇಡಿಯೋಗಳಿಗೆ ಎಷ್ಟು ಕಿರಿಕಿರಿ ಮಾಡುತ್ತವೆ ಎಂದು ಅಳೆಯುವುದು ನನ್ನ ಪಾಲಿನ ಕಸುಬು. ಹೊರಗಿನ ಒಂದೇ ಒಂದು ತರಂಗವೂ ಒಳಗೆ ನುಸುಳದಂಥ ಲೋಹದ ಕೋಣೆಯಲ್ಲಿ ದಿನದ ಅರ್ಧ ಭಾಗ ಕಳೆಯುತ್ತೇನೆ. ಒಂದು ಸಂಕೇತ ಬಂತೆಂದರೆ ಅದನ್ನು ಕಳಿಸಿದ ಒಂದು ತಂತಿ ಎಲ್ಲೋ ಇರಲೇಬೇಕು, ಹುಡುಕಿದರೆ ಸಿಗಲೇಬೇಕು. ಈ ನಂಬಿಕೆಯೇ ನನಗೆ ಅನ್ನ ಕೊಡುತ್ತಿದೆ, ಇವತ್ತಿಗೂ ಅದನ್ನು ಬಿಟ್ಟಿಲ್ಲ. ಒಂದೇ ಒಂದು ಸಂಕೇತದ ತಂತಿ ಮಾತ್ರ ನನಗಿನ್ನೂ ಸಿಕ್ಕಿಲ್ಲ.

ಕಥೆಗೆ ಬರುವ ಮೊದಲು ವಾಕಿಟಾಕಿಯ ಬಗ್ಗೆ ನಾಲ್ಕು ಮಾತು ಹೇಳಬೇಕು, ಏಕೆಂದರೆ ನಮ್ಮ ಜಗಳ ಶುರುವಾದದ್ದೇ ಅಲ್ಲಿಂದ. ನನ್ನ ಚಿಕ್ಕಪ್ಪನ ಮಗನೊಬ್ಬ ಅಮೆರಿಕದಲ್ಲಿದ್ದಾನೆ. ಊರಿನ ಒಂದು ಮದುವೆಯಲ್ಲಿ ಅವನು ನನ್ನ ಅಕ್ಕನಿಗೆ ಮೂರು ದಪ್ಪ ವಾಕಿಟಾಕಿ ಕೊಟ್ಟಿದ್ದ. ಐದು ವ್ಯಾಟಿನವು, ಗುಡ್ಡ ದಾಟಿ ಮಾತಾಡಬಲ್ಲವು. ಅಲ್ಲಿ ಅವನ್ನು ಬಳಸಲು ಲೈಸೆನ್ಸ್ ಬೇಕು. ಆದರೆ ಪರೀಕ್ಷೆಯಿಲ್ಲ, ಒಬ್ಬರು ಶುಲ್ಕ ಕಟ್ಟಿದರೆ ಸಾಕು, ಅದೇ ಲೈಸೆನ್ಸಿನ ಮೇಲೆ ಹೆಂಡತಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ, ಅತ್ತೆಮಾವ, ಸೋದರಳಿಯ ಎಲ್ಲರೂ ಮಾತಾಡಬಹುದು. ಸರ್ಕಾರವೊಂದು ಇಷ್ಟು ದೊಡ್ಡ ಮನಸ್ಸಿನಿಂದ ಕುಟುಂಬ ಎಂಬ ಪದಕ್ಕೆ ಅರ್ಥ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇನ್ನೊಂದು ಬಗೆ ಹವ್ಯಾಸಿ ರೇಡಿಯೋ. ಅದಕ್ಕೆ ಪರೀಕ್ಷೆ ಪಾಸು ಮಾಡಬೇಕು, ಪಾಸಾದವನೇ ಮಾತಾಡಬೇಕು. ಆ ಪರೀಕ್ಷೆಯನ್ನು ನಾನು ಜರ್ಮನ್ ಭಾಷೆಯಲ್ಲಿ ಬರೆದು ಪಾಸಾಗಿದ್ದೇನೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಮೂರನೆಯದು ಯುರೋಪಿನಲ್ಲಿ ಯಾರು ಬೇಕಾದರೂ ಲೈಸೆನ್ಸಿಲ್ಲದೆ ಬಳಸಬಹುದಾದ ಸಣ್ಣ ವಾಕಿಟಾಕಿ, ಅರ್ಧ ವ್ಯಾಟಿನದು.

ಮೂರು ವರ್ಷದ ಹಿಂದೆ ಅಕ್ಕ ಎರಡು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಾಗ ಆ ಅಮೆರಿಕದ ಮೂರು ಸೆಟ್ಟುಗಳನ್ನೂ ಖರ್ಜಿಕಾಯಿ ಡಬ್ಬಿಯ ಜೊತೆ ಸೂಟ್‌ಕೇಸಿನಲ್ಲಿ ತಂದಿದ್ದಳು. ಗುಡ್ಡ ಹತ್ತುವಾಗ ತಮ್ಮನಿಗೆ ಉಪಯೋಗಕ್ಕೆ ಬಂದಾವೆಂದು. ಇಲ್ಲಿ ಅವನ್ನು ಬಳಸುವಂತಿಲ್ಲ, ಆ ಫ್ರೀಕ್ವೆನ್ಸಿ ಇಲ್ಲಿ ಬೇರೆಯವರ ಪಾಲಿನದು ಎಂದೆ. ಅಕ್ಕ ಒಪ್ಪಲಿಲ್ಲ.

“ಲೈಸೆನ್ಸ್ ಮನಿತನಕ್ಕೆಲ್ಲಾ ಐತಿ ಅಂತ ಅವನ ಹೇಳ್ಯಾನ. ಅಂವ ನಮ್ಮ ಕಾಕಾನ ಮಗ. ನಾವೇನ್ ಹೊರಗಿನವ್ರ?” ಎಂದಳು.

ದೇಶ ಬದಲಾದರೆ ಕಾನೂನು ಬದಲಾಗುತ್ತದೆ, ಕಾಕಾನ ಮಗ ಬದಲಾಗುವುದಿಲ್ಲ ನಿಜ, ಆದರೆ ಇಲ್ಲಿಯ ಇಲಾಖೆಗೆ ನಮ್ಮ ಕಾಕಾ ಯಾರೆಂದು ಗೊತ್ತಿಲ್ಲ ಎಂದು ತಿಳಿಹೇಳಿದೆ. ಅವಳು ನಕ್ಕಳು. ಐದು ವ್ಯಾಟಿನವನ್ನು ಬೀರುವಿನಲ್ಲಿಟ್ಟು ಲೈಸೆನ್ಸ್ ಬೇಡದ ಮೂರು ಸಣ್ಣ ಸೆಟ್ಟುಗಳನ್ನು ಕೊಂಡುತಂದೆ. ನನ್ನ ನಿರ್ಧಾರ ಸರಿಯಾಗಿಯೇ ಇತ್ತು. ಆಮೇಲಿನ ಆ ಎರಡು ಗಂಟೆ ಬಿಟ್ಟರೆ ಇವತ್ತಿಗೂ ಸರಿಯೆಂದೇ ಹೇಳುತ್ತೇನೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ತೀರಿಹೋದಾಗ ನಾನು ಎರಡನೇ ಇಯತ್ತೆಯಲ್ಲಿ ಓದುವ ಹುಡುಗ. ಅಲ್ಲಿಂದ ನನ್ನ ಊಟ, ಅಭ್ಯಾಸ, ಚಡ್ಡಿ ಅಂಗಿ ಎಲ್ಲ ಅವಳ ಕೈಯಲ್ಲೇ. ಬಾಗಲಕೋಟೆ ಹತ್ತಿರದ ಒಂದು ಊರಿನ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ್ತಿಯಾಗಿ ಇಡೀ ಆಯುಷ್ಯ ಕಳೆದಳು. ನಮ್ಮಲ್ಲಿಗೆ ಬಂದ ವರ್ಷವೇ ನಿವೃತ್ತಿಯಾಗಿದ್ದಳು. ಅದಕ್ಕೂ ಎರಡು ವರ್ಷ ಮೊದಲು ಮಾವ, ಅಂದರೆ ಅವಳ ಗಂಡ, ತೀರಿಕೊಂಡಿದ್ದರು. ಅವಳೆಂದರೆ ನನಗೆ ಜೀವ. ಹೀಗೆಂದು ಅವಳಿಗೆ ಎಂದಾದರೂ ಹೇಳಿದ್ದೆನೇ ಎಂದು ಕೇಳಿದರೆ ಇಲ್ಲ. ದೊಡ್ಡವನಾದ ಮೇಲೆ ನಾನು ಅವಳೊಂದಿಗೆ ಮಾತಾಡಿದ್ದೆಲ್ಲ ಒಂದೋ ಕೆಲಸದ ಮಾತು, ಇಲ್ಲವೇ ತಿದ್ದುವ ಮಾತು. ಗುಳಿಗೆ ತಗೊಂಡೆಯಾ, ಫಾರ್ಮಿಗೆ ಸಹಿ ಮಾಡಿದೆಯಾ, ಅದು ಹಾಗಲ್ಲ ಹೀಗೆ.

ಅದು ನವೆಂಬರಿನ ಕೊನೆಯ ಒಂದು ಶನಿವಾರ. ಹೆಂಡತಿಗೆ ಆಫೀಸಿನ ಡ್ಯೂಟಿ ಇತ್ತು. ನಾನು, ಅಕ್ಕ, ಗೆಳೆಯ ಇಮ್ತಿಯಾಜ್ ಮೂವರೂ ಕಾರಿನಲ್ಲಿ ಬವೇರಿಯನ್ ಕಾಡಿನ ಕಡೆ ಹೊರಟೆವು. ಇಮ್ತಿಯಾಜ್ ವಿಜಯಪುರದವನು, ಇಲ್ಲಿ ಐಟಿಯಲ್ಲಿದ್ದಾನೆ. ಮಾತು ತೂಕದ್ದು, ಸುಳ್ಳು ಅವನ ಬಾಯಲ್ಲಿ ನಾನಂತೂ ಕೇಳಿಲ್ಲ. ಅಕ್ಕನನ್ನು ‘ಅಕ್ಕಾರ’ ಎಂದು ಕರೆದು, ಅವಳು ಮಾಡಿದ ಶೇಂಗಾ ಹೋಳಿಗೆಯನ್ನು ನನಗಿಂತ ಹೆಚ್ಚು ತಿಂದು ಹೋಗುವವನು. ಆ ವಾರ ಮೊಣಕಾಲು ಉಳುಕಿಸಿಕೊಂಡಿದ್ದ. ಆದ್ದರಿಂದ ಕಾಡಿನ ಅಂಚಿನ ವಾಂಡರ್‌ಪಾರ್ಕ್‌ಪ್ಲಾಟ್ಸ್‌ನಲ್ಲಿ, ನಡೆಯಲು ಬಂದವರು ಕಾರು ನಿಲ್ಲಿಸುವ ಆ ಬಯಲಿನಲ್ಲಿ, ಥರ್ಮಾಸ್ ಇಟ್ಟುಕೊಂಡು ಕಾರಿನಲ್ಲೇ ಕೂರುತ್ತೇನೆಂದ. ಅವನ ಕೈಗೊಂದು ಸೆಟ್ಟು, ಅಕ್ಕನ ಕೈಗೊಂದು, ನನ್ನ ಜೇಬಿಗೊಂದು. ಆ ಕಣಿವೆಯಲ್ಲಿ ಮೊಬೈಲಿಗೆ ನೆಟ್‌ವರ್ಕ್ ಇಲ್ಲ, ನನಗೆ ಗೊತ್ತಿತ್ತು. ಅಕ್ಕನ ಫೋನಂತೂ ವೈಫೈ ಬಿಟ್ಟು ಹೊರಗೆ ನಡೆಯದಿದ್ದರಿಂದ ಮನೆಯಲ್ಲೇ ಇತ್ತು.

ಒಂದೂವರೆಗೆ ನಾವಿಬ್ಬರು ನಡೆಯಲು ಶುರು ಮಾಡಿದೆವು. ಸುತ್ತಿ ಬರುವ ದಾರಿ, ಎರಡು ಗಂಟೆಯದು. ಅಕ್ಕನಿಗೆ ಸೆಟ್ಟಿನ ಮೇಲೆ ಎಲ್ಲಿಲ್ಲದ ಪ್ರೀತಿ ಬಂದುಬಿಟ್ಟಿತು. ಹತ್ತು ಹೆಜ್ಜೆಗೊಮ್ಮೆ ಗುಂಡಿ ಒತ್ತಿ ಇಮ್ತಿಯಾಜನಿಗೆ ವರದಿ. ಇಲ್ಲೊಂದು ಅಣಬೆ ಐತಿ, ಇಲ್ಲಿ ಗಿಡಕ್ಕೆ ಬಣ್ಣ ಬಳದಾರ, ಒಂದು ನಾಯಿ ಸ್ವೆಟರ್ ಹಾಕ್ಕೊಂಡು ಹೊಂಟೈತಿ. ಒತ್ತಿದ ಗುಂಡಿ ಬಿಡುತ್ತಿರಲಿಲ್ಲ, ಹೀಗಾಗಿ ಅವನು ಉತ್ತರ ಕೊಟ್ಟರೂ ಅವಳಿಗೆ ಕೇಳುತ್ತಿರಲಿಲ್ಲ. ಕೇಳದಿದ್ದರೆ ಇನ್ನಷ್ಟು ಜೋರಾಗಿ ಹೇಳುವಳು. ನನಗೆ ರೇಗಿತು. ರೇಡಿಯೋದಲ್ಲಿ ಮಾತಾಡುವುದಕ್ಕೆ ಒಂದು ಕ್ರಮವಿದೆ, ಅದನ್ನು ಕಲಿಯಲು ನಾನು ವರ್ಷಗಟ್ಟಲೆ ಖರ್ಚು ಮಾಡಿದ್ದೇನೆ. ನಿಂತು, ತಿರುಗಿ, ಗಟ್ಟಿಯಾಗಿ ಅಂದುಬಿಟ್ಟೆ:

“ಇದೇನ್ ನಿಮ್ಮ ಓಣಿ ಕಟ್ಟಿ ಅಲ್ಲಕ್ಕಾ. ಜೀವಾ ಹೋಗೋ ಹೊತ್ತು ಬಂದ್ರ ಅಷ್ಟ ಒತ್ತು. ಇಲ್ಲಂದ್ರ ಬಾಯಿ ಮುಚ್ಕೊಂಡು ನಡಿ.”

ಆ ಕಡೆಯಿಂದ ಬರುತ್ತಿದ್ದ ಜರ್ಮನ್ ದಂಪತಿ ನಮ್ಮನ್ನು ನೋಡಿ ದಾರಿ ಬಿಟ್ಟು ಸರಿದರು. ಅಕ್ಕ ಸೆಟ್ಟನ್ನು ಜಾಕೆಟ್ಟಿನ ಒಳಗೆ ಇಳಿಬಿಟ್ಟು ಸುಮ್ಮನೆ ನಡೆದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಒಂದು ಬೆಂಚು ಬಂತು. ಅಲ್ಲಿಂದ ಮೇಲಕ್ಕೆ ಒಂದು ಕಿರುದಾರಿ ಬಂಡೆಯ ತುದಿಗೆ ಹೋಗುತ್ತದೆ, ಅಲ್ಲಿಂದ ಗಡಿಯಾಚೆಯ ಗುಡ್ಡಗಳು ಕಾಣುತ್ತವೆ. ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ, ಹದಿನೈದು ನಿಮಿಷ, ನೋಡಿ ಬಂದೆ ಎಂದು ನಾನೊಬ್ಬನೇ ಹತ್ತಿದೆ. ನಿಜ ಹೇಳಬೇಕೆಂದರೆ ನೋಟಕ್ಕಾಗಿ ಹೋಗಲಿಲ್ಲ, ಅವಳ ಆ ಮೌನದಿಂದ ತಪ್ಪಿಸಿಕೊಳ್ಳಲು ಹೋದೆ.

ಬಂಡೆಯ ತುದಿಯಲ್ಲಿ ನಿಂತಾಗಲೇ ಕೆಳಗಿನಿಂದ ಮಂಜು ಏರತೊಡಗಿತು. ಇಳಿದು ಬಂದಾಗ ಬೆಂಚು ಖಾಲಿ. ಗಂಟೆ ಎರಡೂವರೆ. ಕೂಗಿದೆ, ಉತ್ತರವಿಲ್ಲ. ಸಿಟ್ಟಿಗೆ ಒಬ್ಬಳೇ ಕಾರಿನ ಕಡೆ ಹೊರಟಿರುತ್ತಾಳೆ ಎಂದುಕೊಂಡು ಸೆಟ್ಟು ತೆಗೆದು ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಲಿಲ್ಲ. ಆಫ್ ಮಾಡಿ ಆನ್ ಮಾಡಿದೆ. ಏನೂ ಇಲ್ಲ. ಬೆಳಿಗ್ಗೆಯಿಂದ ಜೇಬಿನಿಂದ ತೆಗೆದೇ ಇರದ ಸೆಟ್ಟಿನ ಬ್ಯಾಟರಿ ಪೂರ್ತಿ ಸತ್ತಿತ್ತು.

ಹೇಗೆ ಸತ್ತಿತೆಂದು ಅಲ್ಲಿಯೇ ಹೊಳೆಯಿತು. ಚಾರ್ಜರ್ ಇದ್ದದ್ದು ಒಂದೇ. ಉಳಿದೆರಡು ಸೆಟ್ಟನ್ನು ಹಿಂದಿನ ದಿನವೇ ಚಾರ್ಜ್ ಮಾಡಿ, ನನ್ನದನ್ನು ಕೊನೆಗೆ, ಮಲಗುವ ಮೊದಲು ಹಾಕಿದ್ದೆ. ಇಲ್ಲಿಯ ಗೋಡೆಯ ಪ್ಲಗ್ಗುಗಳಿಗೆ ಸ್ವಿಚ್ಚಿರುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ನಾನೊಂದು ಸ್ವಿಚ್ಚಿರುವ ಪಟ್ಟಿ ತಂದು ಹಾಕಿದ್ದೇನೆ. ನಮ್ಮೂರಲ್ಲಿ ಮಲಗುವ ಮುಂಚೆ ಎಲ್ಲ ಸ್ವಿಚ್ ಆರಿಸಿ ಮಲಗುವುದು ರೂಢಿ. ಅಕ್ಕ ಆರಿಸಿ ಮಲಗಿದ್ದಾಳೆ. ಆ ಮಂಜಿನಲ್ಲೂ ಅವಳ ಮೇಲೆ ಇನ್ನೊಂದು ಸಲ ಸಿಟ್ಟು ಬಂತು ನೋಡಿ. ಆಮೇಲೆ ನಾಚಿಕೆಯಾಯಿತು. ಬೆಳಿಗ್ಗೆ ಒಂದು ಸಲ ಗುಂಡಿ ಒತ್ತಿ ನೋಡುವುದು ಯಾರ ಕೆಲಸವಾಗಿತ್ತು?

ಕಾರಿನ ಕಡೆಯ ದಾರಿಯಲ್ಲಿ ಓಡಿದೆ. ಎರಡು ಕವಲು ಸಿಕ್ಕವು. ಎರಡರಲ್ಲೂ ಹೋಗಿ ಬಂದೆ. ಹೆಸರಿಟ್ಟು ಕೂಗಿದೆ, ಅಕ್ಕಾ ಎಂದು ಕೂಗಿದೆ, ಗಂಟಲು ಹರಿದುಹೋಗುವಷ್ಟು ಕೂಗಿದೆ. ಮಂಜು ದನಿಯನ್ನೂ ನುಂಗುತ್ತಿತ್ತು. ಅವಳ ಕಾಲಲ್ಲಿ ನನ್ನ ಹೆಂಡತಿಯ ತೆಳು ಬೂಟು, ಮೈಮೇಲೆ ಸೀರೆ, ಮೇಲೊಂದು ಜಾಕೆಟ್. ಸಕ್ಕರೆ ಕಾಯಿಲೆ ಬೇರೆ. ಶೂನ್ಯಕ್ಕಿಂತ ಕೆಳಗಿಳಿಯುತ್ತಿದ್ದ ಚಳಿ, ನಾಲ್ಕೂಕಾಲಿಗೆ ಕತ್ತಲು. ನನ್ನನ್ನು ಬೆಳೆಸಿದವಳು ಈ ಕಾಡಿನಲ್ಲಿ ಎಲ್ಲೋ ಒಬ್ಬಳೇ ಇದ್ದಾಳೆ, ಜೀವ ಹೋಗುವ ತನಕ ಒತ್ತಬೇಡ ಎಂದು ಹೇಳಿದವನು ನಾನು, ಹೇಳಿದ ಮಾತು ಕೇಳುವವಳು ಅವಳು. ಒಂದು ಗುಡ್ಡದ ಬೆನ್ನು ದಾಟಿ ಆಚೆ ಇಳಿದು ಹುಡುಕಿದೆ. ಸಿಗಲಿಲ್ಲ. ಹಳ್ಳಿಗೆ ಕಾರು ಓಡಿಸಿ ತುರ್ತು ಕರೆ ಮಾಡುವುದೊಂದೇ ದಾರಿ ಎಂದುಕೊಂಡು ಕಾರಿನ ಬಳಿ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ ಕಡಿಮೆ. ನನಗೆ ಅಳು ಬರುತ್ತಿತ್ತು.

ಇಮ್ತಿಯಾಜ್ ಸೀಟು ಹಿಂದಕ್ಕೆ ಮಾಡಿಕೊಂಡು ಆರಾಮಾಗಿ ಚಹಾ ಕುಡಿಯುತ್ತಿದ್ದ. ನನ್ನನ್ನು ನೋಡಿ ನಕ್ಕ.

“ಏನ್ ದೋಸ್ತ, ಮುಗೀತೇನು ಅಕ್ಕ-ತಮ್ಮನ ಮಾತು? ಒಂದ್ ತಾಸಿಂದ ಹಚ್ಚೀರಿ. ನಾ ನಡುವ ಬಾಯಿ ಹಾಕ್ಲಿಲ್ಲ.”

ನನಗೆ ಅರ್ಥವಾಗಲಿಲ್ಲ. ಅಕ್ಕ ಎಲ್ಲಿ ಎಂದೆ. ಈಗ ಅವನ ಮುಖ ಗೊಂದಲವಾಯಿತು.

“ನೀನ ಕೂಡ್ಸೀಯಲ್ಲೋ. ಎರಡನೇ ಸೇತುವಿ ದಾಟಿ ಎಡಕ್ಕ, ದೊಡ್ಡ ಕಟ್ಟಿಗಿ ಒಟ್ಯಾರಲ್ಲ, ಅದರ ಬೆನ್ನಿಗಿ ಕೂಡು, ಅಲ್ಲಿಂದ ಏಳಬ್ಯಾಡ ಅಂತ ನೀನ ಹೇಳ್ದಿ. ನಾ ಕೇಳೀನಿ.”

ಪ್ರಶ್ನೆ ಕೇಳುತ್ತಾ ನಿಲ್ಲುವ ಹೊತ್ತು ಅದಾಗಿರಲಿಲ್ಲ. ಅವನ ಕೈಯಿಂದ ಸೆಟ್ಟು ಕಿತ್ತುಕೊಂಡು ವಾಲ್ಯೂಮ್ ಪೂರ್ತಿ ಏರಿಸಿ, ಟಾರ್ಚು ಕಂಬಳಿ ಹಿಡಿದು ಓಡಿದೆ. ಎರಡನೇ ಸೇತುವೆಯ ಕಡೆಗೆ ನಾನು ಅಲ್ಲಿಯವರೆಗೆ ಹೋಗಿಯೇ ಇರಲಿಲ್ಲ. ಅದು ನಮ್ಮ ದಾರಿಯೇ ಅಲ್ಲ, ಕಾರು ನಿಲ್ಲಿಸಿದ ಬಯಲಿನಿಂದ ಹಳ್ಳದ ಗುಂಟ ಹೋಗುವ ಬೇರೆ ದಾರಿ. ಮೊದಲ ಸೇತುವೆ ದಾಟುವಾಗ ಕೈಯಲ್ಲಿದ್ದ ಸೆಟ್ಟು ಮಾತಾಡಿತು. ಅಕ್ಕನ ದನಿ. ನಿದ್ದೆಗಣ್ಣಿನ ಮಕ್ಕಳು ಹೇಳುವ ಹಾಗೆ ನಿಧಾನವಾಗಿ ಮಗ್ಗಿ ಹೇಳುತ್ತಿದ್ದಳು.

“ಹತ್ತೊಂಬತ್ತೇಳ್ಲೆ ನೂರಾ ಮೂವತ್ತಮೂರು. ಹತ್ತೊಂಬತ್ತೆಂಟ್ಲೆ...” ಎಂದು ನಿಂತಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, “ಹೂಂ, ಹೂಂ, ನೂರಾ ಐವತ್ತೆರಡು. ಮರತಿದ್ದೆ,” ಎಂದಳು.

ನಾನು ನಿಂತಲ್ಲೇ ನಿಂತೆ. ಆ ನಡುವಿನ ಹೊತ್ತಿನಲ್ಲಿ ಯಾರೋ ಅವಳಿಗೆ ಉತ್ತರ ಹೇಳಿಕೊಟ್ಟಿದ್ದರು. ನನ್ನ ಕೈಯ ಸೆಟ್ಟಿನಲ್ಲಿ ಆಗ ಒಂದು ಸಣ್ಣ ಸದ್ದೂ ಇರಲಿಲ್ಲ. ಅವಳು ಮತ್ತೆ ಮಾತಾಡಿದಳು: “ಇಲ್ಲೋ, ಮಲಗಂಗಿಲ್ಲ. ಕಣ್ಣು ತಕ್ಕೊಂಡ ಕುಂತೀನಿ.” ಮತ್ತೆ ಮೌನ. “ಅದೂ ನೆನಪೈತಿ,” ಎಂದು ನಕ್ಕಳು. ನಾನು ಗುಂಡಿ ಒತ್ತಿ, ಅಕ್ಕಾ, ನಾ ಬರಾಕತ್ತೀನಿ ಎಂದೆ. ಕೂಗಿ ಕೂಗಿ ನನ್ನ ದನಿ ಒಡೆದುಹೋಗಿತ್ತು, ನನಗೇ ನನ್ನದೆನ್ನಿಸಲಿಲ್ಲ.

“ಗೊತ್ತೈತಿ. ಈಗಷ್ಟ ಹೇಳ್ದ್ಯಲ್ಲ,” ಎಂದಳು ಅಕ್ಕ.

ಕಡಿದ ದಿಮ್ಮಿಗಳನ್ನು ಆಳೆತ್ತರ ಒಟ್ಟಿದ್ದರು. ಅದರ ಬೆನ್ನಿಗೆ, ಗಾಳಿ ತಾಗದ ಮಗ್ಗುಲಲ್ಲಿ, ಕಾಲು ಮಡಿಚಿ ಸೆರಗನ್ನು ತಲೆಗೆ ಸುತ್ತಿಕೊಂಡು ಕೂತಿದ್ದಳು. ತುಟಿ ನೀಲಿಯಾಗಿತ್ತು. ಕಂಬಳಿ ಹೊದಿಸಿದೆ, ಎತ್ತಿ ನಿಲ್ಲಿಸಿದರೆ ಕಾಲು ಊರಲಾಗಲಿಲ್ಲ. ಬೆನ್ನ ಮೇಲೆ ಹೊತ್ತುಕೊಂಡೆ. ಚಿಕ್ಕವನಿದ್ದಾಗ ಅವಳು ನನ್ನನ್ನು ಹೊತ್ತದ್ದಕ್ಕೆ ಲೆಕ್ಕವಿಲ್ಲ, ನಾನು ಹೊತ್ತದ್ದು ಅದೇ ಮೊದಲು. ಅವಳ ಕೈಯ ಸೆಟ್ಟು ಆಗಲೂ ಆನ್ ಇತ್ತು. ದಾರಿಯುದ್ದಕ್ಕೂ ಅದು ಮತ್ತೆ ಮಾತಾಡಲಿಲ್ಲ.

ಹತ್ತಿರದ ಪಟ್ಟಣದ ಆಸ್ಪತ್ರೆಯಲ್ಲಿ ಮೈ ಬಿಸಿ ಮಾಡಿ, ಸಕ್ಕರೆ ನೋಡಿ, ರಾತ್ರಿ ಇಲ್ಲೇ ಇರಲಿ ಎಂದರು. ಡಾಕ್ಟರ್ ಒಬ್ಬ ಎಳೆವಯಸ್ಸಿನ ಹೆಂಗಸು. ಇಂಥ ಚಳಿಯಲ್ಲಿ ನಿದ್ದೆ ಹೋಗುವುದೇ ಅಪಾಯ, ಇನ್ನರ್ಧ ಗಂಟೆ ಕಣ್ಣು ಮುಚ್ಚಿದ್ದರೆ ನಾನು ನಿಮಗೆ ಬೇರೆ ಮಾತು ಹೇಳಬೇಕಾಗುತ್ತಿತ್ತು ಎಂದಳು. ಇವರನ್ನು ಮಾತಾಡಿಸುತ್ತಾ ಇದ್ದವರು ಯಾರು ಎಂದು ಕೇಳಿದಳು. ಇಮ್ತಿಯಾಜ್ ನನ್ನ ಕಡೆ ಕೈ ತೋರಿಸಿದ. ನಾನು ಹೌದೆಂದು ತಲೆ ಆಡಿಸಿದೆ. ಆ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು.

ರಾತ್ರಿ ಊಟದ ಹೊತ್ತಿಗೆ ಅಕ್ಕ ಗೆಲುವಾದಳು. ನಡೆದದ್ದನ್ನು ಅವಳೇ ಹೇಳಿದಳು. ಸಿಟ್ಟಾಗಿ ಕಾರಿಗೆ ಹೋಗೋಣವೆಂದು ಎದ್ದವಳಿಗೆ ಮಂಜಿನಲ್ಲಿ ದಾರಿ ತಪ್ಪಿತು. ಹೆದರಿಕೆಯಾದರೂ ಗುಂಡಿ ಒತ್ತಲಿಲ್ಲ, ನಾನು ಬೈಯುತ್ತೇನೆಂದು. ಆಗ ನಾನೇ ಕರೆದೆನಂತೆ. ಸಿಟ್ಟಿಲ್ಲದ ದನಿಯಲ್ಲಿ, ಅಕ್ಕಾ ಎಲ್ಲಿದ್ದೀ, ಸುತ್ತ ಏನೇನು ಕಾಣುತ್ತದೆ ಹೇಳು, ಅವಸರವಿಲ್ಲ, ಎಷ್ಟು ಬೇಕಾದರೂ ಮಾತಾಡು ಎಂದೆನಂತೆ. ಕಟ್ಟಿಗೆಯ ಮರೆಗೆ ಕೂರಿಸಿದ್ದು ನಾನೇ. ನಿದ್ದೆ ಬಂದಾಗ ಮಗ್ಗಿ ಕೇಳಿದ್ದು, ಹಳೆಯದೆಲ್ಲ ತೆಗೆದು ನಗಿಸಿದ್ದು ನಾನೇ. ಹೇಳುತ್ತಾ ಹೇಳುತ್ತಾ ನನ್ನ ಕೈ ಹಿಡಿದುಕೊಂಡು ದನಿ ತಗ್ಗಿಸಿದಳು.

“ರಜಾ ಇತ್ತು ಅಂತ ನೀ ಇವತ್ತ ಹೇಳಬೇಕಾಗಿರಲಿಲ್ಲೋ ತಮ್ಮಾ. ನಂಗ ಅವತ್ತ ಗೊತ್ತಾಗಿತ್ತು. ಬಿಡು, ಅದನ್ನ ಹೊತ್ಕೊಂಡ ತಿರಗಬ್ಯಾಡ.”

ಇಷ್ಟು ಹೊತ್ತು ಓದಿದ ನಿಮಗೆ ಇದನ್ನು ಮುಚ್ಚಿಡುವುದು ಸರಿಯಲ್ಲ. ಮಾವ ತೀರಿಕೊಂಡಾಗ ನಾನು ಊರಿಗೆ ಹೋಗಿದ್ದೆ. ಮೂರನೇ ದಿನಕ್ಕೆ ರಜೆಯಿಲ್ಲವೆಂದು ಹೇಳಿ ವಾಪಸು ಬಂದೆ. ರಜೆ ಇತ್ತು. ಎರಡು ವಾರದ ರಜೆ ಹಾಗೇ ಇತ್ತು. ಅಕ್ಕ ಅಳುವುದನ್ನು ನನಗೆ ನೋಡಲಾಗಲಿಲ್ಲ, ಆ ಮನೆಯಲ್ಲಿ ಏನು ಮಾತಾಡಬೇಕೋ ತಿಳಿಯಲಿಲ್ಲ, ಓಡಿ ಬಂದೆ. ಇದನ್ನು ನಾನು ಹೆಂಡತಿಗೂ ಹೇಳಿಲ್ಲ, ಇಮ್ತಿಯಾಜನಿಗೂ ಹೇಳಿಲ್ಲ, ಒಂದು ನರಪಿಳ್ಳೆಗೂ ಹೇಳಿಲ್ಲ. ಆ ಮಧ್ಯಾಹ್ನ ಯಾರು ಹೇಳಿದರೋ, ಅವರಿಗೆ ಅದು ಗೊತ್ತಿತ್ತು.

ಮನೆಗೆ ಬಂದ ಮೇಲೆ ನನಗೆ ಬರುವ ಕೆಲಸವನ್ನು ನಾನು ಮಾಡಿದೆ. ಮೂರೂ ಸೆಟ್ಟು ಬಿಚ್ಚಿ ಮೇಜಿನ ಮೇಲಿಟ್ಟೆ. ನನ್ನದರ ಬ್ಯಾಟರಿ ಅಳೆದರೆ, ಒಂದು ನಿಮಿಷವಲ್ಲ, ಒಂದು ಮಾತಿಗೂ ಆಗುವಷ್ಟು ಶಕ್ತಿ ಇರಲಿಲ್ಲ. ದನಿ ಹಿಡಿದಿಟ್ಟು ಮತ್ತೆ ನುಡಿಸುವಂಥ ಯಾವ ಭಾಗವೂ ಆ ಅಗ್ಗದ ಸೆಟ್ಟುಗಳೊಳಗಿಲ್ಲ. ಆ ಕಾಡಿನಲ್ಲಿ ಇನ್ನೊಬ್ಬ ಕನ್ನಡಿಗ ನಮ್ಮದೇ ಚಾನೆಲ್ ಹಿಡಿದಿದ್ದನೇ ಎಂದು ಇಲ್ಲಿಯ ಕನ್ನಡ ಗುಂಪುಗಳಲ್ಲೆಲ್ಲ ಕೇಳಿದೆ. ಒಬ್ಬರೂ ಇಲ್ಲ. ಇದ್ದರೂ ನನ್ನ ರಜೆಯ ಸುದ್ದಿ ಅವನಿಗೇನು ಗೊತ್ತು? ಚಳಿಗೆ ಅಕ್ಕನ ತಲೆಯಲ್ಲಿ ಹುಟ್ಟಿದ ದನಿ ಎನ್ನೋಣವೆಂದರೆ ಹೀಟರ್ ಹಾಕಿಕೊಂಡು ಕಾರಿನಲ್ಲಿ ಕೂತಿದ್ದ ಇಮ್ತಿಯಾಜ್ ಕೇಳಿದ್ದಾನೆ.

ಉಳಿದದ್ದು ಒಂದೇ. ಗಾಬರಿಯಲ್ಲಿ ನಾನೇ ಮಾತಾಡಿ ನಾನೇ ಮರೆತೆನೇ? ಇದನ್ನು ಗಂಭೀರವಾಗಿ ಯೋಚಿಸಿದೆ, ಏಕೆಂದರೆ ನನಗೆ ಹಿಡಿಸುವ ವಿವರಣೆ ಇದೇ. ಆದರೆ ನನ್ನ ಫೋನು ನಾನು ನಡೆದ ಜಾಡನ್ನು ಬರೆದಿಟ್ಟಿತ್ತು. ಆ ಒಂದು ಗಂಟೆಯ ಹೆಚ್ಚಿನ ಪಾಲು ನಾನು ಗುಡ್ಡದ ಆಚೆ ಬದಿಯಲ್ಲಿದ್ದೆ. ಬ್ಯಾಟರಿ ತುಂಬಿದ್ದರೂ ಅರ್ಧ ವ್ಯಾಟು ಆ ಗುಡ್ಡ ದಾಟುವುದಿಲ್ಲ. ಮುಂದಿನ ಶನಿವಾರವೇ ಇಮ್ತಿಯಾಜನನ್ನು ಕಟ್ಟಿಗೆಯ ಬಳಿ ನಿಲ್ಲಿಸಿ ಪರೀಕ್ಷೆ ಮಾಡಿದೆ. ದಾಟಲಿಲ್ಲ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಆ ದಿನವೇ ಇಮ್ತಿಯಾಜನಿಗೆ, ರಜೆಯ ಮಾತೊಂದು ಬಿಟ್ಟು, ಎಲ್ಲ ಹೇಳಿದೆ. ಅವನು, ನಾ ಕೇಳಿದ್ದು ನಿನ್ನ ದನಿ, ಬಾಜೂಕ ಕುಂತು ಮಾತಾಡಿದಷ್ಟು ಸ್ಪಷ್ಟ ಇತ್ತು ಎಂದ. ಇನ್ನೇನೇನು ಹೇಳಿದೆ ನಾನು ಎಂದು ಒತ್ತಾಯ ಮಾಡಿದೆ.

“ನೀ ಅಳಾಕ ಶುರು ಮಾಡ್ದಿ. ಅದು ಅಕ್ಕ-ತಮ್ಮನ ಮಾತು, ನಾ ಕೇಳಬಾರದಂತ ವಾಲ್ಯೂಮ್ ಕಮ್ಮಿ ಮಾಡ್ದೆ,” ಎಂದ. ಅದಕ್ಕಿಂತ ಹೆಚ್ಚು ಅವನಿಗೆ ಗೊತ್ತಿಲ್ಲ. ಆ ಮಾತನ್ನು ನಾವು ಮತ್ತೆ ಎತ್ತಿಲ್ಲ.

ಅಕ್ಕನಿಗೆ ಮಾತ್ರ ನಾನು ಹೇಳಲಿಲ್ಲ. ಹೇಳಬೇಕೆಂದು ವಿಮಾನ ನಿಲ್ದಾಣದ ತನಕ ಬಾಯಿ ತುದಿಗೆ ತಂದುಕೊಂಡು ಹೋಗಿದ್ದೆ. ಅವಳು ನನ್ನ ತಲೆ ಸವರಿ ಒಳಗೆ ಹೋದಳು. ಈಗ ಊರಿನಲ್ಲಿ ಬಂದವರಿಗೆಲ್ಲ ತಮ್ಮನೇ ತಾಸುಗಟ್ಟಲೆ ಮಾತಾಡಿಸಿ ತನ್ನ ಜೀವ ಉಳಿಸಿದ ಕಥೆ ಹೇಳುತ್ತಾಳಂತೆ. ಅದು ನಾನಲ್ಲ ಎಂದರೆ ಅವಳಿಂದ ನಾನೇನು ಕಿತ್ತುಕೊಳ್ಳುತ್ತೇನೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಅವಳು ಕೊಟ್ಟದ್ದು ನಾನು ಕೇಳದೇ ಇದ್ದ ಕ್ಷಮೆಯನ್ನು. ಅದನ್ನು ಹಿಂದಿರುಗಿಸುವಷ್ಟು ಪ್ರಾಮಾಣಿಕ ನಾನಲ್ಲ.

ಈಗ ಪ್ರತಿ ಭಾನುವಾರ ಅವಳಿಗೆ ಫೋನ್ ಮಾಡುತ್ತೇನೆ. ಅವಸರ ಮಾಡುವುದಿಲ್ಲ, ತಿದ್ದುವುದಿಲ್ಲ. ಓಣಿಯ ಸುದ್ದಿಯೆಲ್ಲ ಕೇಳುತ್ತೇನೆ. ಹಳೆಯ ನನಗಿಂತ ಇದು ಎಷ್ಟೋ ಮೇಲು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡದ್ದೂ ಉಂಟು. ಹೋದ ತಿಂಗಳು ಹೀಗೇ ಅರ್ಧ ಗಂಟೆ ಮಾತಾಡಿ, ಇನ್ನೇನು ಇಡಬೇಕು, ಆಗ ಅವಳು ಸ್ವಲ್ಪ ತಡೆದು, “ಯಾಕೋ ಇವತ್ತ ಭಾಳ ಬ್ಯಾಸರಾಗೈತಿ. ಅವತ್ತ ಕಾಡಾಗ ಮಾತಾಡಿದ್ಯಲ್ಲ, ಹಂಗ ಒಂದೀಟ ಮಾತಾಡೋ,” ಎಂದಳು.

ಫೋನು ಕಿವಿಗಿಟ್ಟುಕೊಂಡು ಕೂತೆ. ಆ ಕಡೆ ಅವಳು ಕಾಯುತ್ತಿದ್ದಳು. ಅವತ್ತು ಏನು ಮಾತಾಡಿದ್ದೆ ಎಂದು ಅವಳನ್ನೇ ಕೇಳಬೇಕಿತ್ತು, ನನಗೆ ಬಾಯಿ ಬರಲಿಲ್ಲ.